ಎಲ್ಲಾ ಮಿತಿಯೊಳಗಿದೆ, ಆದರೂ ಹೊಂಡದಲ್ಲಿ ಜೀವ ಇಲ್ಲ

ನೀರಿನ ಮಾತು: ಓದುಗರ ಪ್ರಶ್ನೆಗಳಿಗೆ ಕೋಲಾರದ ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕಿಯ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ಎರಡು ಎಕರೆ ಟೊಮ್ಯಾಟೊ ಇಟ್ಟಿದ್ದೇವೆ. ತೋಟದ ಕೆಳಗೆ ಟಾರ್ಪಾಲ್ ಹಾಸಿದ ಕೃಷಿ ಹೊಂಡ ಇದೆ. ಹೋದ ತಿಂಗಳು ಹುಳಕ್ಕೂ ರೋಗಕ್ಕೂ ಒಂದೇ ಡ್ರಮ್ಮಿನಲ್ಲಿ ಔಷಧಿ ಕಲಸಿ ಹೊಡೆದೆವು. ಡಬ್ಬಿ ಮೇಲೆ ಬರೆದ ಅಳತೆಗಿಂತ ಜಾಸ್ತಿ ಹಾಕಿಲ್ಲ. ಮೂರನೇ ದಿನ ಜೋರು ಮಳೆ ಬಂದು ತೋಟದ ನೀರು ಹೊಂಡಕ್ಕೆ ಇಳಿಯಿತು. ಎರಡು ದಿನದಲ್ಲಿ ನೀರಲ್ಲಿ ಕುಪ್ಪಳಿಸುತ್ತಿದ್ದ ಸಣ್ಣ ಹುಳಗಳು ಒಂದೂ ಕಾಣಲಿಲ್ಲ. ವಾರದೊಳಗೆ ನೀರು ಹಸಿರಾಯಿತು. ಆಮೇಲೆ ಮೀನುಮರಿಗಳು ಸಾಯತೊಡಗಿದವು. ನೀರು ಟೆಸ್ಟ್ ಮಾಡಿಸಿದರೆ ಎಲ್ಲಾ ‘ಮಿತಿಯೊಳಗೆ’ ಅಂತ ಬಂದಿದೆ. ಜೆರಾಕ್ಸ್ ಕಳಿಸಿದ್ದೇನೆ. ಎಲ್ಲಾ ಸರಿಯಿದ್ದರೆ ಮರಿಗಳು ಯಾಕೆ ಸತ್ತವು?
(ಓದುಗರು, ಮಾಲೂರು ತಾಲ್ಲೂಕು)

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಹೊಂಡ ನೋಡದೆ ಇಂಥದ್ದೇ ಕಾರಣ ಅಂತ ಹೇಳುವುದು ತಪ್ಪು. ಆದರೆ ನೀವು ಒಂದು ಒಳ್ಳೆಯ ಕೆಲಸ ಮಾಡಿದ್ದೀರಿ. ಯಾವುದು ಮೊದಲಾಯಿತು, ಯಾವುದು ಆಮೇಲಾಯಿತು ಅಂತ ಕ್ರಮವಾಗಿ ಬರೆದಿದ್ದೀರಿ. ಅರ್ಧ ಉತ್ತರ ಆ ಕ್ರಮದಲ್ಲೇ ಇದೆ.

ಮೊದಲು ಹೋದವು ಆ ಸಣ್ಣ ಜೀವಗಳು. ಅವು ಹುಳ ಅಲ್ಲ, ಸಿಗಡಿ, ಏಡಿಗಳ ದೂರದ ನೆಂಟರು. ನೀರು ಚಿಗಟ ಅಂತೀವಿ. ಪುಸ್ತಕದಲ್ಲಿ ದಾಫ್ನಿಯಾ, ಮೊಯ್ನಾ ಅಂತೆಲ್ಲಾ ಹೆಸರಿದೆ. ಒಮ್ಮೆ ಗಾಜಿನ ಲೋಟದಲ್ಲಿ ತೆಗೆದುಕೊಂಡು ಕಿಟಕಿ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ. ಮೈ ಗಾಜಿನ ಹಾಗೆ. ತಲೆಯಲ್ಲಿ ಒಂದೇ ಒಂದು ಕಪ್ಪು ಕಣ್ಣು. ತಿಂದ ಪಾಚಿ ಹಸಿರು ದಾರದಂತೆ ಹೊಟ್ಟೆಯಲ್ಲಿ ಕಾಣುತ್ತದೆ. ಬೆನ್ನ ಮೇಲಿನ ಚೀಲದಲ್ಲಿ ಮೊಟ್ಟೆ. ಅದರ ಪಕ್ಕದಲ್ಲೇ ಹೃದಯ, ಎಣಿಸಲು ಆಗದಷ್ಟು ಬೇಗ ಮಿಡಿಯುತ್ತಿರುತ್ತದೆ. ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಆ ಹೃದಯ ನೋಡಿ ಸುಮ್ನೆ ಮುಂದಕ್ಕೆ ಹೋದ ಒಬ್ಬ ವಿದ್ಯಾರ್ಥಿಯನ್ನೂ ನಾನು ಕಂಡಿಲ್ಲ.

ಈ ಚಿಗಟಗಳು ದಿನವಿಡೀ ನೀರು ಸೋಸಿ ಪಾಚಿ ತಿನ್ನುತ್ತವೆ. ಅವು ಸತ್ತರೆ ಪಾಚಿಗೆ ಕೇಳುವವರಿಲ್ಲ. ನೀರು ಹಸಿರಾಗುತ್ತದೆ. ಹಗಲು ಆ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ. ಬೆಳಗಿನ ಜಾವಕ್ಕೆ ನೀರಲ್ಲಿ ಆಮ್ಲಜನಕ ತೀರಾ ಇಳಿದಿರುತ್ತದೆ. ನಿಮ್ಮ ಮರಿಗಳು ಮುಂಜಾನೆ ಮೇಲೆ ಬಂದು ಬಾಯಿ ಬಿಡುತ್ತಿದ್ದವಾ? ಹಾಗಿದ್ದರೆ ಔಷಧಿ ನೇರವಾಗಿ ಅವುಗಳನ್ನು ಕೊಲ್ಲದೆಯೂ ಇರಬಹುದು. ಅವುಗಳ ಊಟವನ್ನೂ ಉಸಿರನ್ನೂ ಕಿತ್ತುಕೊಂಡಿರಬಹುದು.

ಈಗ ವರದಿಗೆ ಬರೋಣ. ಜೆರಾಕ್ಸ್ ಮೇಜಿನ ಮೇಲೆ ಹರಡಿಕೊಂಡು ಕೂತೆ. ಪಿಎಚ್, ಟಿಡಿಎಸ್, ಗಡಸುತನ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್, ಕಬ್ಬಿಣ, ತಾಮ್ರ, ಸತು. ನೀವು ಹೊಡೆದ ಎರಡು ಔಷಧಿಗಳಲ್ಲಿ ಒಂದರ ಹೆಸರೂ ಇಲ್ಲ. ಹುಡುಕದೆ ಇದ್ದದ್ದು ಸಿಗುವುದಾದರೂ ಹೇಗೆ? ಇನ್ನೊಂದು ತೊಂದರೆ ಅಂದರೆ ‘ಮಿತಿ’ ಯಾರ ಮಿತಿ ಅನ್ನುವುದು. ಅದು ಮನುಷ್ಯರು ಕುಡಿಯುವ ನೀರಿನ ಮಿತಿ. ತಾಮ್ರವನ್ನೇ ತೆಗೆದುಕೊಳ್ಳಿ. ನಮ್ಮ ಕುಡಿಯುವ ನೀರಿನ ಮಾನಕದಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಅಂತ ಇದೆ. ಮೆದು ನೀರಿನಲ್ಲಿ 0.1 ಮಿಲಿಗ್ರಾಂ ಮುಟ್ಟುವ ಮೊದಲೇ ನೀರು ಚಿಗಟ ಸಾಯುತ್ತದೆ. ಸೈಪರ್ಮೆಥ್ರಿನ್ ಥರದ ಹುಳದ ಔಷಧಿಯಾದರೆ ಲೆಕ್ಕ ಮಿಲಿಗ್ರಾಂನಲ್ಲೂ ಇಲ್ಲ, ಮೈಕ್ರೊಗ್ರಾಂನಲ್ಲಿದೆ. ಅಂದರೆ ಒಂದು ಗ್ರಾಂನ ಹತ್ತು ಲಕ್ಷದ ಒಂದು ಪಾಲು.

ಎಲ್ಲಕ್ಕಿಂತ ದೊಡ್ಡ ವಿಷಯ ಇದು. ವರದಿ ಒಂದೊಂದು ವಿಷವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತದೆ. ಹೊಂಡದಲ್ಲಿರುವ ಜೀವ ಎಲ್ಲಾ ಸಾಲುಗಳನ್ನೂ ಒಟ್ಟಿಗೆ ಕುಡಿಯುತ್ತದೆ.

ಒಂದು ಲೆಕ್ಕ ಹಾಕೋಣ. ಒಂದು ವಿಷ ಎಷ್ಟಿದ್ದರೆ ಅರ್ಧದಷ್ಟು ಚಿಗಟಗಳು ಈಜು ನಿಲ್ಲಿಸುತ್ತವೋ, ಆ ಪ್ರಮಾಣವನ್ನು 1 ಅಂತ ಇಟ್ಟುಕೊಳ್ಳಿ. ಇದಕ್ಕೆ ಟಾಕ್ಸಿಕ್ ಯೂನಿಟ್ ಅಂತಾರೆ. ಒಂದು ನೀರಲ್ಲಿ ತಾಮ್ರ 0.3 ಇದೆ, ಸತು 0.3, ಅಮೋನಿಯಾ 0.2, ಸೋಪಿನಂಶ 0.2 ಅಂದುಕೊಳ್ಳಿ. ಯಾವುದೂ ಅರ್ಧಕ್ಕೂ ಬಂದಿಲ್ಲ. ಕೂಡಿಸಿದರೆ ಸರಿಯಾಗಿ 1. ಅರ್ಧ ಚಿಗಟಗಳು ತಳ ಸೇರಿದವು. ಎತ್ತಿನ ಗಾಡಿಗೆ ಒಬ್ಬೊಬ್ಬರು ಒಂದೊಂದು ಮೂಟೆ ಹಾಕಿದ ಹಾಗೆ. ನನ್ನದು ಒಂದೇ ಮೂಟೆ ಅಂತ ಎಲ್ಲರೂ ಹೇಳುತ್ತಾರೆ, ಎಳೆಯುವುದು ಎತ್ತು ಅಲ್ವಾ? ಎಲ್ಲಾ ವಿಷವೂ ಹೀಗೆ ಕರಾರುವಾಕ್ಕಾಗಿ ಕೂಡುವುದಿಲ್ಲ. ಒಂದೇ ರೀತಿ ಕೆಲಸ ಮಾಡುವ ವಿಷಗಳಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಆದರೂ ಮೊದಲ ಅಂದಾಜಿಗೆ ಹೀಗೇ ಕೂಡಿಸಿ ನೋಡುವುದು ಕ್ಷೇಮ.

ಕೆಲವು ಜೋಡಿಗಳು ಮಾತ್ರ ಕೂಡಿದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ನಿಮ್ಮ ಡ್ರಮ್ಮಿನ ಬಗ್ಗೆ ನನಗೆ ಚಿಂತೆ ಆಗಿದ್ದು ಇಲ್ಲೇ. ರೋಗಕ್ಕೆ ಹೊಡೆದ ಔಷಧಿಯ ಹೆಸರು ‘ಕೊನಜೋಲ್’ ಅಂತ ಮುಗಿಯುತ್ತದಾ ನೋಡಿ. ಟೆಬುಕೊನಜೋಲ್, ಪ್ರೊಪಿಕೊನಜೋಲ್, ಡೈಫೆನೊಕೊನಜೋಲ್ ಎಲ್ಲಾ ಒಂದೇ ಮನೆತನ. ಹುಳದ ಔಷಧಿಯ ಹೆಸರು ‘ಥ್ರಿನ್’ ಅಂತ ಮುಗಿಯುತ್ತದಾ ಅದನ್ನೂ ನೋಡಿ. ಚಿಗಟದ ಮೈಯಲ್ಲಿ ವಿಷವನ್ನು ಒಡೆದು ಹೊರಹಾಕುವ ಕಿಣ್ವಗಳಿವೆ. ‘ಕೊನಜೋಲ್’ ಮನೆತನದವು ಆ ಕಿಣ್ವಗಳ ಕೈ ಕಟ್ಟಿಬಿಡುತ್ತವೆ. ಆಗ ‘ಥ್ರಿನ್’ ಒಳಗೇ ಉಳಿದು ಕೆಲಸ ಮುಗಿಸುತ್ತದೆ. ಕಾವಲು ನಾಯಿಯ ಬಾಯಿ ಕಟ್ಟಿ ಕಳ್ಳನನ್ನು ಒಳಗೆ ಬಿಟ್ಟ ಹಾಗೆ. ಇದನ್ನು ನೀರು ಚಿಗಟಗಳ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ಹಾಗಂತ ಬೆರೆಸಿದ್ದೆಲ್ಲಾ ಹೀಗೆ ಸಿಡಿಯುತ್ತದೆ ಅಂತ ಹೆದರಬೇಡಿ. ಡೆನ್ಮಾರ್ಕ್‌ನ ವಿಜ್ಞಾನಿ ನೀನಾ ಸೆಡರ್‌ಗ್ರೀನ್ 2014ರಲ್ಲಿ ಅದುವರೆಗಿನ ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದರು. ಕೀಟನಾಶಕಗಳ 194 ಜೋಡಿಗಳಲ್ಲಿ ಹೀಗೆ ಜೋರಾಗಿದ್ದು ಶೇಕಡ 7 ಮಾತ್ರ. ಉಳಿದವು ಹೆಚ್ಚುಕಡಿಮೆ ಮೂಟೆ ಲೆಕ್ಕದಲ್ಲೇ ನಡೆಯುತ್ತವೆ. ಆ ಶೇಕಡ 7ರಲ್ಲಿ ಮತ್ತೆ ಮತ್ತೆ ಕಾಣಿಸುವ ಮನೆತನಗಳಲ್ಲಿ ಈ ‘ಕೊನಜೋಲ್’ ಒಂದು. ನಮ್ಮ ಟೊಮ್ಯಾಟೊ ತೋಟಗಳಲ್ಲಿ ಅದು ದಿನಬಳಕೆಯ ಔಷಧಿ. ಅದಕ್ಕೇ ಇಷ್ಟು ಉದ್ದ ಬರೆದೆ.

ನೀವು ಮಾಡಬೇಕಾದ್ದು ಹೀಗೆ. ಊರಲ್ಲಿ ಯಾರದಾದರೂ ಒಳ್ಳೆ ಕುಂಟೆಯಿಂದ ಒಂದು ಚೊಂಬು ನೀರು ಚಿಗಟ ತನ್ನಿ. ಇಪ್ಪತ್ತನ್ನು ನಿಮ್ಮ ಹೊಂಡದ ನೀರಿಗೆ ಬಿಡಿ, ಇಪ್ಪತ್ತನ್ನು ಅವುಗಳ ಸ್ವಂತ ನೀರಿನಲ್ಲೇ ಬೇರೆ ಲೋಟದಲ್ಲಿಡಿ. ನೆರಳಲ್ಲಿಟ್ಟು ಎರಡು ದಿನ ನೋಡಿ. ಎರಡೂ ಕಡೆ ಈಜುತ್ತಿದ್ದರೆ ಔಷಧಿಯ ಕಾವು ಇಳಿದಿದೆ ಅಂತ ತಿಳಿಯಬಹುದು. ಆಗ ಚೊಂಬುಗಟ್ಟಲೆ ಚಿಗಟ ತಂದು ಹೊಂಡಕ್ಕೆ ಬಿಡಿ, ಅವು ಬೆಳೆದ ಮೇಲೆ ಮೀನುಮರಿ ತನ್ನಿ. ಇನ್ನು ಮುಂದೆ ಆ ಎರಡು ಔಷಧಿಗಳನ್ನು ಒಂದೇ ದಿನ ಹೊಡೆಯಬೇಡಿ. ಕೂಲಿ ಎರಡು ಸಲ ಆಗುತ್ತದೆ, ಗೊತ್ತು. ತೋಟಕ್ಕೂ ಹೊಂಡಕ್ಕೂ ನಡುವೆ ಹುಲ್ಲಿನ ಬದು ಬಿಡಿ. ಔಷಧಿ ಹೊಡೆದ ಮೇಲಿನ ಮೊದಲ ಮಳೆ ನೀರು ಹೊಂಡಕ್ಕೆ ಇಳಿಯದ ಹಾಗೆ ಸಣ್ಣ ಕಾಲುವೆ ತೆಗೆದು ತಿರುಗಿಸಿ. ಅದು ಪಕ್ಕದವರ ಹೊಂಡಕ್ಕೂ ಕೆರೆಗೂ ಹೋಗದೆ ನಿಮ್ಮ ನೆಲದಲ್ಲೇ ಇಂಗಬೇಕು. ಡ್ರಮ್ಮು, ಕ್ಯಾನು ತೊಳೆಯುವುದು ಹೊಂಡದ ದಡದಲ್ಲಿ ಬೇಡವೇ ಬೇಡ.

ಪ್ರಶ್ನೆ: ಮೇಡಂ, ನಾನು ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ನಮ್ಮ ಬೀದಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳಿವೆ. ಚರಂಡಿಯಲ್ಲಿ ಸೋಪಿನ ನೀರು, ಸೋಡಾ ನೀರು, ಗೂಡು ಬೇಯಿಸಿದ ನೀರು ಎಲ್ಲಾ ಸೇರುತ್ತದೆ. ಎರಡು ವಸ್ತು ಸೇರಿದಾಗ ಏನಾಗುತ್ತದೆ ಅಂತ ಮಕ್ಕಳ ಕೈಯಲ್ಲಿ ಪ್ರಯೋಗ ಮಾಡಿಸಬಹುದಾ? ನಮ್ಮಲ್ಲಿ ಲ್ಯಾಬ್ ಅಂತ ಹೇಳಿಕೊಳ್ಳುವಂಥದ್ದು ಇಲ್ಲ.
(ಓದುಗರು, ಶಿಡ್ಲಘಟ್ಟ)

ಉತ್ತರ: ಧಾರಾಳವಾಗಿ ಮಾಡಿಸಿ ಮೇಷ್ಟ್ರೇ. ಒಂದು ಜಾಡಿ, ಒಂದಷ್ಟು ಗಾಜಿನ ಲೋಟ, ಒಂದು ಭೂತಗನ್ನಡಿ, ತಾಳ್ಮೆ. ಇಷ್ಟಿದ್ದರೆ ಸಾಕು. ಆದರೆ ಕೀಟನಾಶಕ ಮಕ್ಕಳ ಕೈಗೆ ಕೊಡಬೇಡಿ. ಬಟ್ಟೆ ಸೋಪು ಮತ್ತು ಅಡುಗೆ ಉಪ್ಪು ಸಾಕಷ್ಟು ಪಾಠ ಕಲಿಸುತ್ತವೆ.

ಅಕ್ವೇರಿಯಂ ಅಂಗಡಿಯಲ್ಲಿ ಮೊಯ್ನಾ ಕೇಳಿ. ಕೆರೆಯಿಂದ ತಂದರೂ ಆದೀತು. ನಲ್ಲಿ ನೀರಾದರೆ ಒಂದೆರಡು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ. ಬಿಸಿಲಲ್ಲಿಟ್ಟು ಹಸಿರಾದ ನೀರು ಅವುಗಳಿಗೆ ಊಟ. ಚಿಟಿಕೆ ಈಸ್ಟ್ ಕೂಡ ಹಾಕಬಹುದು, ಜಾಸ್ತಿಯಾದರೆ ನೀರು ಕೊಳೆಯುತ್ತದೆ. ಒಳ್ಳೆ ಕಾಲದಲ್ಲಿ ಜಾಡಿಯಲ್ಲಿರುವುದೆಲ್ಲಾ ಹೆಣ್ಣೇ. ಗಂಡಿಲ್ಲದೆಯೇ ಮರಿ ಹಾಕುತ್ತವೆ. ಹಾಗಾಗಿ ಮರಿಗಳೆಲ್ಲಾ ತಾಯಿಯ ಪಡಿಯಚ್ಚು. ಪ್ರಯೋಗಕ್ಕೆ ಇದು ದೊಡ್ಡ ಅನುಕೂಲ, ಒಂದಕ್ಕೊಂದು ವ್ಯತ್ಯಾಸ ಕಡಿಮೆ.

ಸಂಜೆ ಬೆನ್ನಲ್ಲಿ ಮೊಟ್ಟೆ ತುಂಬಿದ ದೊಡ್ಡವನ್ನು ಬೇರೆ ಲೋಟಕ್ಕೆ ಬಿಡಿ. ಬೆಳಿಗ್ಗೆ ಅಲ್ಲಿ ಸಿಗುವ ಮರಿಗಳಿಗೆ 24 ಗಂಟೆ ಆಗಿರುವುದಿಲ್ಲ. ಪ್ರಪಂಚದ ಲ್ಯಾಬುಗಳಲ್ಲಿ ದಾಫ್ನಿಯಾ ಪರೀಕ್ಷೆಗೆ ಬಳಸುವುದು ಇದೇ ವಯಸ್ಸಿನವನ್ನು. ಲೋಟಕ್ಕೆ ಐದು, ಒಂದು ಪ್ರಮಾಣಕ್ಕೆ ನಾಲ್ಕು ಲೋಟ, ಒಟ್ಟು ಇಪ್ಪತ್ತು. ಎತ್ತಲು ಡ್ರಾಪರ್‌ನ ತುದಿ ಕತ್ತರಿಸಿ ಬಾಯಿ ಅಗಲ ಮಾಡಿಕೊಳ್ಳಿ. ಬಿಡುವಾಗ ಡ್ರಾಪರ್ ತುದಿ ನೀರಿನೊಳಗೇ ಇರಲಿ. ಮೇಲಿಂದ ಹನಿಸಿದರೆ ಚಿಪ್ಪಿನೊಳಗೆ ಗಾಳಿ ಸೇರಿ ಅವು ತೇಲಿಬಿಡುತ್ತವೆ, ಮತ್ತೆ ಮುಳುಗಲು ಆಗುವುದಿಲ್ಲ. 48 ಗಂಟೆ ಊಟ ಹಾಕಬೇಡಿ. ಆಮೇಲೆ ಲೋಟವನ್ನು ಮೆಲ್ಲಗೆ ತಿರುಗಿಸಿ 15 ಸೆಕೆಂಡ್ ಎಣಿಸಿ. ಅಷ್ಟರಲ್ಲಿ ಈಜದೆ ಉಳಿದದ್ದನ್ನು ನಿಂತದ್ದು ಅಂತ ಬರೆದುಕೊಳ್ಳಿ.

ಏನೂ ಬೆರೆಸದ ಲೋಟ ಇರಲೇಬೇಕು. ಅದರಲ್ಲೇ ಶೇಕಡ 10ಕ್ಕಿಂತ ಹೆಚ್ಚು ನಿಂತರೆ ಆ ಪ್ರಯೋಗವನ್ನು ಪೂರ್ತಿ ಬಿಟ್ಟುಬಿಡಬೇಕು. ಇದನ್ನು ನಾನು ನೋವಿನಿಂದ ಕಲಿತೆ. ಒಂದು ವರ್ಷ ನಾಲ್ಕು ಹುಡುಗಿಯರು ಪ್ರಾಜೆಕ್ಟಿಗೆ ಅಂತ ಮೂರು ವಾರ ಚಿಗಟ ಸಾಕಿದ್ದರು. ಪರೀಕ್ಷೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಬರೀ ನೀರಿನ ಲೋಟವೂ ಸೇರಿ ಎಲ್ಲಾ ಲೋಟದಲ್ಲೂ ಮರಿಗಳು ತಳದಲ್ಲಿ ಬಿದ್ದು ಗಿರಗಿರ ಸುತ್ತುತ್ತಿವೆ. ಅವರಲ್ಲೊಬ್ಬಳು ಅತ್ತೇಬಿಟ್ಟಳು. ವಿಚಾರಿಸಿದಾಗ ತಿಳಿಯಿತು. ಡೆಂಗಿ ಕಾಲ ಅಂತ ರಾತ್ರಿ ಆ ಕೋಣೆಯಲ್ಲಿ ಸೊಳ್ಳೆಯ ದ್ರವದ ಯಂತ್ರ ಹಾಕಿ ಕಿಟಕಿ ಮುಚ್ಚಿದ್ದರು. ಅದರಲ್ಲಿರುವುದೂ ‘ಥ್ರಿನ್’ ಮನೆತನದ್ದೇ. ಲೋಟಗಳಿಗೆ ಮುಚ್ಚಳ ಇರಲಿಲ್ಲ. ಅವತ್ತಿನಿಂದ ನಮ್ಮ ಮನೆಯ ಜಾಡಿ ಇರುವ ಕೋಣೆಗೆ ಆ ಯಂತ್ರ ಬಂದಿಲ್ಲ, ಸೊಳ್ಳೆ ಪರದೆ ಕಟ್ಟಿದ್ದೇವೆ.

ಎರಡನ್ನು ಸೇರಿಸುವ ಪ್ರಯೋಗಕ್ಕೆ ಮೂರು ಸಾಲು ಲೋಟ ಬೇಕು. ಬರೀ ಸೋಪು, ಬರೀ ಉಪ್ಪು, ಎರಡೂ ಸೇರಿ. ಬರೀ ಸೋಪಿನಲ್ಲಿ ಶೇಕಡ 10 ನಿಂತವು, ಬರೀ ಉಪ್ಪಿನಲ್ಲಿ ಶೇಕಡ 20 ಅಂತಿಟ್ಟುಕೊಳ್ಳಿ. ಎರಡೂ ತಮ್ಮ ಪಾಡಿಗೆ ತಾವು ಕೆಲಸ ಮಾಡಿದರೆ ಒಟ್ಟಿಗೆ ಎಷ್ಟು ನಿಲ್ಲಬೇಕು? ಮಕ್ಕಳು 30 ಅಂತಾರೆ. ಅಲ್ಲ. ಸೋಪಿನಿಂದ ಉಳಿದದ್ದು 100ಕ್ಕೆ 90. ಆ 90ರಲ್ಲಿ ಉಪ್ಪು ತಡೆದುಕೊಳ್ಳುವುದು ನೂರಕ್ಕೆ 80ರಂತೆ, ಅಂದರೆ 72. ನಿಂತದ್ದು 28. ಮೇಲಿನ ಉತ್ತರದ ಮೂಟೆ ಲೆಕ್ಕ ಒಂದೇ ರೀತಿ ಕೆಲಸ ಮಾಡುವ ವಿಷಗಳಿಗೆ, ಇದು ಬೇರೆ ಬೇರೆ ರೀತಿ ಕೆಲಸ ಮಾಡುವವಕ್ಕೆ. ಈ ಲೆಕ್ಕವನ್ನು 1939ರಲ್ಲಿ ಬ್ಲಿಸ್ ಅನ್ನುವವರು ವಿವರಿಸಿದರು. ಎಂಟನೇ ಕ್ಲಾಸಿನ ಗಣಿತ ಸಾಕು. ನಿಮ್ಮ ಲೋಟಗಳಲ್ಲಿ 28ರ ಆಸುಪಾಸು ಬಂದರೆ ಎರಡಕ್ಕೂ ಪರಸ್ಪರ ಸಂಬಂಧ ಇಲ್ಲ. 50, 60 ಬಂದರೆ ಒಂದು ಇನ್ನೊಂದಕ್ಕೆ ಬಲ ಕೊಡುತ್ತಿದೆ. 10 ಬಂದರೆ ಒಂದು ಇನ್ನೊಂದನ್ನು ತಡೆಯುತ್ತಿದೆ. ಇಪ್ಪತ್ತು ಮರಿಗಳಲ್ಲಿ ಒಂದೆರಡರ ವ್ಯತ್ಯಾಸ ಸುಮ್ನೆ ಬರುತ್ತದೆ. ಅದಕ್ಕೇ ಮೂರು ಸಲ ಮಾಡಿಸಿ.

ಒಂದು ತಡೆಯುತ್ತದೆ ಅಂದೆನಲ್ಲ, ಅದಕ್ಕೆ ನಮ್ಮ ಬೋರ್‌ವೆಲ್ ನೀರೇ ಉದಾಹರಣೆ. ಪಾತ್ರೆಗೆ ಬಿಳಿ ಕಟ್ಟುವ ಗಡಸು ನೀರಿನಲ್ಲಿ ತಾಮ್ರ, ಸತುವಿನ ವಿಷ ಕಡಿಮೆ ತಗಲುತ್ತದೆ. ನೀರಿನ ಸುಣ್ಣದಂಶ ಲೋಹದ ಜೊತೆ ಜಾಗಕ್ಕೆ ಪೈಪೋಟಿ ಮಾಡುತ್ತದೆ. ಹಾಗಾಗಿ ಎಲ್ಲಾ ಲೋಟಕ್ಕೂ ಒಂದೇ ಕಡೆಯ ನೀರು ಬಳಸಿ. ಮಳೆ ನೀರಿನ ಲೋಟವನ್ನೂ ಬೋರ್ ನೀರಿನ ಲೋಟವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಚರಂಡಿ ನೀರನ್ನೂ ಪರೀಕ್ಷೆ ಮಾಡಬಹುದು. ಪೂರ್ತಿ, ಅರ್ಧ, ಕಾಲು, ಅರೆಕಾಲು ಅಂತ ತಿಳಿ ಮಾಡುತ್ತಾ ಹೋಗಿ. ಒಂದು ಎಚ್ಚರ. ಗೂಡು ಬೇಯಿಸಿದ ನೀರು ಬೇಗ ಕೊಳೆತು ಆಮ್ಲಜನಕ ತಿನ್ನುತ್ತದೆ. ಚಿಗಟ ಸತ್ತದ್ದು ಸೋಪಿನಿಂದಲೋ ಉಸಿರುಗಟ್ಟಿಯೋ ಗೊತ್ತಾಗುವುದಿಲ್ಲ. ಅಗಲ ಬಾಯಿಯ ಪಾತ್ರೆಯಲ್ಲಿ ತೆಳುವಾಗಿ ನೀರು ಹಾಕಿ ಮಾಡಿ. ಮಕ್ಕಳು ಕೈಗವಸು ಹಾಕಿಕೊಳ್ಳಲಿ. ನೂಲು ಬಿಚ್ಚುವ ಮನೆಯವರನ್ನೂ ಕರೆದು ತೋರಿಸಿ. ತಪ್ಪು ಹುಡುಕಲು ಬಂದವರು ಅಂತ ಅವರಿಗೆ ಅನ್ನಿಸಬಾರದು. ಆ ಬಿಸಿ ನೀರಿನಲ್ಲಿ ದಿನವಿಡೀ ಕೈ ಅದ್ದುವವರು ಅವರೇ.

ಪ್ರಶ್ನೆ: ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನಿಂದ ಶುದ್ಧ ಮಾಡಿ ಕಳಿಸುವ ಕೊಳಚೆ ನೀರು) ಬಂದ ನಮ್ಮ ಕೆರೆಯಲ್ಲಿ ಮೀನು ಚೆನ್ನಾಗಿ ಬೆಳೆಯುತ್ತಿವೆ. ಅಂದ ಮೇಲೆ ನೀರು ಒಳ್ಳೆಯದೇ ಅಲ್ವಾ?
(ಓದುಗರು, ಕೋಲಾರ ತಾಲ್ಲೂಕು)

ಉತ್ತರ: ಯಾವ ಮೀನು ಅಂತ ಬರೆದಿಲ್ಲ ನೀವು. ಜಿಲೇಬಿ ಮೀನು ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಆದರೆ ಅವು ತುಂಬಾ ಗಟ್ಟಿ ಜೀವ. ಕ್ಯಾಟ್‌ಫಿಶ್ ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಅವು ಬದುಕಿವೆ ಅನ್ನುವುದರಿಂದ ತಿಳಿಯುವುದು ಸ್ವಲ್ಪವೇ.

ಬರಗಾಲ ನೋಡಿದ ಜಿಲ್ಲೆ ನಮ್ಮದು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಈ ಕೆ.ಸಿ. ವ್ಯಾಲಿ ನೀರು ಬಂದಾಗ ಜನ ಪಟ್ಟ ಸಂತೋಷವನ್ನು ನಾನೂ ಪಟ್ಟಿದ್ದೇನೆ. ಅದೇ ವರ್ಷ ನೊರೆ ಕಂಡಾಗ ಆದ ಸಂಕಟವೂ ನೆನಪಿದೆ. ದಿನಕ್ಕೆ 440 ದಶಲಕ್ಷ ಲೀಟರಿನ ಯೋಜನೆ ಅದು. ಒಂದು ಮಹಾನಗರದ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಕಳಿಸುತ್ತಾರೆ. ಲಕ್ಷಾಂತರ ಮನೆಗಳ ಸೋಪು, ಮಾತ್ರೆಗಳ ಅಂಶ, ಚೂರುಪಾರು ಲೋಹ ಅಂಥ ನೀರಿನಲ್ಲಿ ಸ್ವಲ್ಪ ಸ್ವಲ್ಪ ಉಳಿಯುವ ಸಾಧ್ಯತೆ ಇರುತ್ತದೆ. ಒಂದೊಂದಾಗಿ ಅಳೆದು ಮುಗಿಯುವ ಪಟ್ಟಿ ಅಲ್ಲ ಅದು. ಅದಕ್ಕೇ ಜೀವವನ್ನೇ ಕೇಳಬೇಕು ಅನ್ನುವುದು.

ನಮ್ಮ ಕಾನೂನೂ ಇದನ್ನು ಒಪ್ಪಿದೆ. 1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ, ಹೊರಬಿಡುವ ತ್ಯಾಜ್ಯ ನೀರಿಗೆ ಬೇರೆ ನೀರು ಬೆರೆಸದೆ ಮೀನು ಬಿಟ್ಟರೆ 96 ಗಂಟೆ ನಂತರ ಶೇಕಡ 90 ಬದುಕಿರಬೇಕು. ಒಳ್ಳೆಯ ನಿಯಮ. ಆದರೆ ನಾಲ್ಕು ದಿನ ಬದುಕುವುದೇ ಬೇರೆ, ಮರಿ ಹಾಕಿ ಸಂಸಾರ ನಡೆಸುವುದೇ ಬೇರೆ. ದಾಫ್ನಿಯಾದ ದೊಡ್ಡ ಪರೀಕ್ಷೆ 21 ದಿನದ್ದು. ಅದರಲ್ಲಿ ಎಷ್ಟು ಮರಿ ಹುಟ್ಟಿದವು ಅಂತ ಎಣಿಸುತ್ತಾರೆ. ಸಾಯಿಸದ ಪ್ರಮಾಣದಲ್ಲೇ ಮರಿಗಳ ಸಂಖ್ಯೆ ಇಳಿಯುವುದು ಅಲ್ಲಿ ಗೊತ್ತಾಗುತ್ತದೆ. ನಮ್ಮ ಕೆರೆಗಳಿಗೆ ಬೇಕಾದದ್ದು ಈ ಥರದ ಪರೀಕ್ಷೆ, ಅದೂ ವರ್ಷಕ್ಕೊಮ್ಮೆ ಅಲ್ಲ, ತಿಂಗಳು ತಿಂಗಳು.

1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ರಾಸಾಯನಿಕದ ಗೋದಾಮು ಹೊತ್ತಿ ಉರಿಯಿತು. ಬೆಂಕಿ ಆರಿಸಿದ ನೀರಿನ ಜೊತೆ ಕೀಟನಾಶಕಗಳ ಮಿಶ್ರಣ ರೈನ್ ನದಿಗೆ ಹೋಯಿತು. ನದಿ ಕೆಂಪಾಯಿತು, ಹಾವುಮೀನುಗಳು ರಾಶಿ ರಾಶಿ ಸತ್ತವು. ಆಮೇಲೆ ಆ ನದಿಯ ಕಾವಲು ಠಾಣೆಗಳಲ್ಲಿ ಯಂತ್ರಗಳ ಜೊತೆ ದಾಫ್ನಿಯಾಗಳನ್ನೂ ಕಾವಲಿಗಿಟ್ಟರು. ಹರಿಯುವ ನದಿ ನೀರನ್ನು ಅವುಗಳ ಗಾಜಿನ ಗೂಡಿನ ಮೂಲಕ ಹಾಯಿಸುತ್ತಾರೆ. ಈಜುವ ರೀತಿ ಬದಲಾದರೆ ಎಚ್ಚರಿಕೆ ಹೋಗುತ್ತದೆ. ಯಾವ ವಿಷ ಅಂತ ಆಮೇಲೆ ಹುಡುಕುತ್ತಾರೆ.

ಇನ್ನೊಂದು ಮಾತು. ಚಿಗಟ ಈಜುತ್ತಿದೆ ಅಂತ ಆ ನೀರನ್ನು ಕುಡಿಯಬೇಡಿ. ರೋಗಾಣುಗಳನ್ನು ಅದು ಹೇಳುವುದಿಲ್ಲ. ನಮ್ಮ ಬೋರ್‌ವೆಲ್‌ಗಳ ಫ್ಲೋರೈಡನ್ನೂ ಹೇಳುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ವರ್ಷಗಟ್ಟಲೆ ಕುಡಿದವರ ಹಲ್ಲು, ಮೂಳೆಗೆ ತೊಂದರೆ. ಕುದಿಸಿದರೆ ಅದು ಹೋಗುವುದಿಲ್ಲ.

ಪ್ರಶ್ನೆ: ಮೇಡಂ, ನಾನು 9ನೇ ಕ್ಲಾಸ್. ನೀರು ಚಿಗಟ ಸಾಯಿಸಿ ಪರೀಕ್ಷೆ ಮಾಡುವುದು ಪಾಪ ಅಲ್ವಾ?
(ವಿದ್ಯಾರ್ಥಿನಿ, ಚಿಂತಾಮಣಿ)

ಉತ್ತರ: ಕೇಳಮ್ಮ, ಈ ಪ್ರಶ್ನೆ ನನ್ನನ್ನೂ ಕಾಡಿದೆ. ಒಂದು ಕೆರೆಯ ಲಕ್ಷಾಂತರ ಜೀವ ಹೋಗುವುದನ್ನು ಇಪ್ಪತ್ತು ಜೀವ ಮೊದಲೇ ಹೇಳುತ್ತವೆ ಅಂತ ನಾನು ಈ ಕೆಲಸ ಮಾಡಿದೆ. ಆದರೂ ಅವು ಜೀವವೇ. ಅದಕ್ಕೆ ಬೇಕಾದ್ದಕ್ಕಿಂತ ಒಂದನ್ನೂ ಜಾಸ್ತಿ ತೆಗೆದುಕೊಳ್ಳಬೇಡ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗವನ್ನು ಬರೀ ತೋರಿಸಲು ಮಾಡಬೇಡ. ಸುಮ್ನೆ ಏನಾಗುತ್ತೆ ನೋಡೋಣ ಅಂತ ಸೋಪು ಹಾಕಬೇಡ. ಲೆಕ್ಕ ಬರೆದುಕೊಳ್ಳದೆ ಪ್ರಯೋಗ ಶುರು ಮಾಡಲೇಬೇಡ, ಅದು ನಿಜಕ್ಕೂ ತಪ್ಪು.

48 ಗಂಟೆ ಮುಗಿದ ಮೇಲೆ, ಬರೀ ನೀರಿನ ಲೋಟದಲ್ಲಿದ್ದವನ್ನು ಅಗಲ ಬಾಯಿಯ ಡ್ರಾಪರ್‌ನಲ್ಲಿ ಮೆಲ್ಲಗೆ ಎತ್ತಿ ಮತ್ತೆ ಜಾಡಿಗೆ ಬಿಡು. ಎರಡು ದಿನ ಊಟ ಇಲ್ಲದೆ ಹೊಟ್ಟೆ ಖಾಲಿ ಇರುತ್ತದೆ. ಸ್ವಲ್ಪ ಹಸಿರು ನೀರು ಹಾಕಿ ಅರ್ಧ ಗಂಟೆ ಬಿಟ್ಟು ಭೂತಗನ್ನಡಿ ಹಿಡಿ. ಹೊಟ್ಟೆಯಲ್ಲಿ ಆ ಹಸಿರು ದಾರ ಮತ್ತೆ ಕಾಣುತ್ತದೆ.